ಹೊಲಿಗೆಗೆ ಮೊದಲು ಬೆರಳು

ಶಸ್ತ್ರಚಿಕಿತ್ಸೆ ಕಲಿಸುತ್ತಿದ್ದಷ್ಟು ಕಾಲವೂ ರಕ್ತನಾಳದ ಪಾಠವನ್ನು ನಾನು ಫ್ರಾನ್ಸಿನ ಲಿಯಾನ್ ಊರಿನಿಂದಲೇ ಶುರು ಮಾಡುತ್ತಿದ್ದೆ. 1894ರ ಜೂನ್ 24ರ ಸಂಜೆ ಅಲ್ಲಿ ಅಧ್ಯಕ್ಷ ಸಾದಿ ಕಾರ್ನೋ ಅವರಿಗೆ ಒಬ್ಬ ಚೂರಿ ಹಾಕಿದ. ಕರುಳಿನ ರಕ್ತವನ್ನು ಯಕೃತ್ತಿಗೆ ಒಯ್ಯುವ ಪೋರ್ಟಲ್ ಅಭಿಧಮನಿ ಸೀಳಿಹೋಗಿತ್ತು. ಅದನ್ನು ಹೊಲಿದು ಉಳಿಸಲು ಅಲ್ಲಿದ್ದ ವೈದ್ಯರಿಂದ ಆಗಲಿಲ್ಲ. ನಡುರಾತ್ರಿ ದಾಟುತ್ತಿದ್ದಂತೆ ಅಧ್ಯಕ್ಷರು ತೀರಿಕೊಂಡರು. ಆಗ ಅದೇ ಊರಲ್ಲಿ ವೈದ್ಯಕೀಯ ಓದುತ್ತಿದ್ದ ಅಲೆಕ್ಸಿಸ್ ಕರೆಲ್ ಮುಂದೆ ಕಸೂತಿ ಕೆಲಸದ ಹೆಂಗಸೊಬ್ಬರಿಂದ ನವಿರಾದ ಸೂಜಿ ಹಿಡಿಯುವುದನ್ನು ಕಲಿತು, 1902ರಲ್ಲಿ ರಕ್ತನಾಳ ಹೊಲಿಯುವ ತಮ್ಮ ಕ್ರಮವನ್ನು ಪ್ರಕಟಿಸಿದರು. 1912ರಲ್ಲಿ ನೊಬೆಲ್ ಬಂತು.

ಆದರೆ ನನ್ನ ಮೊದಲ ನಮಸ್ಕಾರ ಗ್ಲಾಸ್ಗೋದ ಸರ್ಜನ್ ಜೇಮ್ಸ್ ಹೊಗಾರ್ತ್ ಪ್ರಿಂಗಲ್ ಅವರಿಗೆ. ಚೂರಿ ಬಿದ್ದ ಜಾಗ ಕಣ್ಣಿಗೆ ಕಾಣುತ್ತದೆ. ಲಾರಿ ಗುದ್ದಿದವನ ಹೊಟ್ಟೆಯ ಮೇಲೆ ಗೀರೂ ಇಲ್ಲದಿರಬಹುದು. ಒಳಗೆ ಯಕೃತ್ತು ಬಿರಿದು, ಅದರ ಬೆನ್ನಿಗಿರುವ ಅಭಿಧಮನಿಗಳು, ಕೆಳಮೈಯ ರಕ್ತವನ್ನು ಹೃದಯಕ್ಕೆ ಒಯ್ಯುವ ವೇನಾ ಕೇವಾದಿಂದ ಕಿತ್ತು ಬಂದಿರಬಹುದು. ಯಕೃತ್ತಿಗೆ ರಕ್ತ ತರುವ ನಾಳಗಳೆಲ್ಲ ಒಟ್ಟಾಗಿ ಬರುವ ಕಡೆ ಹೆಬ್ಬೆರಳು ತೋರುಬೆರಳಿನಿಂದ ಹಿಚುಕಿ ಹಿಡಿಯಿರಿ, ರಕ್ತ ನಿಲ್ಲುತ್ತದೆ ಎಂದು ಪ್ರಿಂಗಲ್ 1908ರಲ್ಲಿ ಬರೆದರು. ತಾವು ಹೊಟ್ಟೆ ತೆರೆದ ರೋಗಿಗಳು ಉಳಿಯಲಿಲ್ಲ ಎಂಬುದನ್ನೂ ಮರೆಮಾಚಲಿಲ್ಲ. ಅಂಥ ಪ್ರಾಮಾಣಿಕತೆಯನ್ನು ನಾನು ಯಾವ ಯಶಸ್ಸಿಗಿಂತಲೂ ದೊಡ್ಡದೆನ್ನುತ್ತೇನೆ.

ಹಾಗೆ ಹಿಡಿದ ಮೇಲೂ ಕಪ್ಪುರಕ್ತ ಉಕ್ಕುತ್ತಿದ್ದರೆ ಹರಿದಿರುವುದು ಯಕೃತ್ತಿನ ಹಿಂಬದಿ. ಅಲ್ಲಿಗೆ ಸೂಜಿ ತಲುಪುವುದೇ ಕಷ್ಟ. 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಶ್ರಾಕ್, ಬ್ಲೇಸ್‌ಡೆಲ್, ಮ್ಯಾಥ್ಯೂಸನ್ ಹೃದಯದ ಬಲ ಹೃತ್ಕರ್ಣದಿಂದ ವೇನಾ ಕೇವಾದೊಳಗೆ ಕೊಳವೆ ಇಳಿಸಿ, ಗಾಯದ ಜಾಗವನ್ನು ತಪ್ಪಿಸಿ ರಕ್ತ ಹರಿಯುವ ಉಪಾಯ ಹೇಳಿದರು. ಜಾಣ್ಮೆಯ ಕೆಲಸ, ನಿಜ. ಆದರೂ ಬದುಕಿದವರು ಕಡಿಮೆ.

ಕೊನೆಗೆ ಹೆಚ್ಚು ಜೀವ ಉಳಿಸಿದ್ದು ಎರಡನೇ ಮಹಾಯುದ್ಧದ ನಂತರ ಹಳತೆಂದು ಕೈಬಿಟ್ಟಿದ್ದ ಪ್ಯಾಕಿಂಗ್, ಅಂದರೆ ಬಟ್ಟೆ ತುಂಬಿ ಒತ್ತುವುದು. ಅಭಿಧಮನಿಯಲ್ಲಿ ಒತ್ತಡ ಕಡಿಮೆ. ಯಕೃತ್ತಿನ ಸುತ್ತ ದಪ್ಪ ಬಟ್ಟೆ ಒತ್ತಿಟ್ಟರೆ ಬಹಳ ಸಲ ಸೋರುವುದು ನಿಲ್ಲುತ್ತದೆ. ಮೈ ತಣ್ಣಗಾಗಿ ರಕ್ತ ಹೆಪ್ಪುಗಟ್ಟದಾದವನನ್ನು ಗಂಟೆಗಟ್ಟಲೆ ಹೊಲಿಯುತ್ತ ಕೂರಬಾರದೆಂದು 1983ರಲ್ಲಿ ಅಟ್ಲಾಂಟಾದ ಹಾರ್ಲನ್ ಸ್ಟೋನ್, 1993ರಲ್ಲಿ ಫಿಲಡೆಲ್ಫಿಯಾದ ರೊಟೊಂಡೊ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಪ್ಯಾಕ್ ಮಾಡಿ, ಬೆಚ್ಚಗಿಟ್ಟು, ರಕ್ತ ಕೊಟ್ಟು, ಒಂದೆರಡು ದಿನದ ಮೇಲೆ ಮತ್ತೆ ತೆರೆಯುವುದು. ಕೊಳವೆಯೂ ಹೃದಯ ತೆರೆಯುವವರೂ ಇಲ್ಲದ ನಮ್ಮ ತಾಲ್ಲೂಕು ಆಸ್ಪತ್ರೆಯ ಸರ್ಜನ್ ಕೂಡ ಪ್ಯಾಕ್ ಇಟ್ಟು ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಜೀವಂತ ಕಳಿಸಬಲ್ಲ.