ವೈನು, ಮೆಣಸು ಮತ್ತು ಅಪ್ಪನ ಚಪ್ಪರ

ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ ಮೀಟಿಂಗ್ ಮುಗಿಸಿ ಕೊಚ್ಚಿಗೆ ಮರಳಿದ ಸಂಜೆ, ಕಡಿಮೆ ಬೆಲೆಯ ಒಂದು ಕೆಂಪು ವೈನ್ ಕೊಂಡೆ. ಇಲ್ಲಿ ಸೂಪರ್‌ಮಾರ್ಕೆಟ್ಟಿನಲ್ಲಿ ತರಕಾರಿ ಜೊತೆ ವೈನ್ ಸಿಗುವುದಿಲ್ಲ. 1984ರಲ್ಲಿ ಶುರುವಾದ ಸರ್ಕಾರಿ ಬೆವ್ಕೋದ ಅಂಗಡಿಗೆ ಹೋಗಬೇಕು. ಲೇಬಲ್ ನೋಡಿದರೆ ನಮ್ಮ ಕರ್ನಾಟಕದ್ದೇ!

ಈ ಕರಾವಳಿಗೆ ಹೊರಗಿನ ವೈನ್ ಹೊಸದಲ್ಲ. ಕೊಚ್ಚಿಯ ಉತ್ತರಕ್ಕೆ, ಪರವೂರಿನ ಬಳಿಯ ಪಟ್ಟಣಂನಲ್ಲಿ 2007ರಲ್ಲಿ ಶುರುವಾದ ಉತ್ಖನನದಲ್ಲಿ ಆಂಫೊರಾಗಳ ಚೂರುಗಳು ಸಿಕ್ಕವು. ರೋಮನ್ನರ ಕಾಲದಲ್ಲಿ ವೈನ್, ಎಣ್ಣೆ ತುಂಬಿ ಸಾಗಿಸುತ್ತಿದ್ದ ಮಣ್ಣಿನ ಜಾಡಿಗಳವು. ಪ್ರಾಚೀನ ಬಂದರು ಮುಜಿರಿಸ್ ಇದೇ ಎಂದು ಹಲವರ ವಾದ. ಒಂದನೇ ಶತಮಾನದ ಗ್ರೀಕ್ ಕೈಪಿಡಿ ‘ಪೆರಿಪ್ಲಸ್’ ಅಲ್ಲಿಗೆ ಬರುತ್ತಿದ್ದ ಸರಕುಗಳಲ್ಲಿ ವೈನನ್ನೂ ಸೇರಿಸಿ, ಪ್ರಮಾಣ ಮಾತ್ರ ಕಡಿಮೆ ಎನ್ನುತ್ತದೆ. ಮರಳುವ ಹಡಗಿನಲ್ಲಿ ಮೆಣಸು ತುಂಬಿರುತ್ತಿತ್ತು.

ನನ್ನ ಬಾಟಲಿ ಬಂದದ್ದು ಹಡಗಿನಲ್ಲಲ್ಲ, ಲಾರಿಯಲ್ಲಿ. ಮೊದಲ ಗುಟುಕು ಸಿಹಿ, ಆಮೇಲೆ ಒಗರು. ಆದರೆ ಮೂಗಿಗೆ ಬಡಿದದ್ದು ಬೆಂಗಳೂರು ನೀಲಿ ದ್ರಾಕ್ಷಿಯ ಘಮ. ಅದೂ ಅಮೆರಿಕದ ತಳಿಯ ವಂಶ, ನಮ್ಮ ಮಣ್ಣಿಗೆ ವಲಸೆ ಬಂದದ್ದು. ದೇವನಹಳ್ಳಿ ಬಳಿ ಅಪ್ಪ ಅದನ್ನೇ ಬೆಳೆಯುತ್ತಿದ್ದರು. 2007ರಲ್ಲಿ ಸರ್ಕಾರ ವೈನ್ ನೀತಿ ತಂದಾಗ ಆಸೆ ಹುಟ್ಟಿತ್ತು. ಮರುವರ್ಷ ವಿಮಾನ ನಿಲ್ದಾಣ ತೆರೆಯಿತು, ಭೂಮಿಯ ಬೆಲೆ ಏರಿತು. ಈಗ ಚಪ್ಪರವಿದ್ದಲ್ಲಿ ಲೇಔಟ್. ಮಾರಿ ಬಂದ ದುಡ್ಡಿನಲ್ಲೇ ನನ್ನ ಎಂಟೆಕ್ ಮುಗಿದದ್ದು.

ಅಪ್ಪನಿಗೆ ಫೋನ್ ಮಾಡಿದೆ. ವೈನಿನ ಸುದ್ದಿ ಎತ್ತಲಿಲ್ಲ. ಚಪ್ಪರದ ಬಗ್ಗೆ ಅರ್ಧ ಗಂಟೆ ಮಾತಾಡಿದೆವು.