ತಿರುವನಂತಪುರದಿಂದ ಹೆಗ್ಗೋಡಿಗೆ: ಚಿತ್ರಭಂಡಾರವೊಂದರ ಕಥೆ

ಪಾಲಾರಿವಟ್ಟಂ ಸುತ್ತಮುತ್ತ ನೆಲೆಸಿರುವ ನಮಗೆ ಕನ್ನಡ ಚಲನಚಿತ್ರ ನೋಡುವುದೆಂದರೆ ಬಹುಕಾಲ ಊರಿಗೆ ಹೋದಾಗಿನ ಮಾತಾಗಿತ್ತು. ಆಮೇಲೆ ವಿಡಿಯೊ ಕ್ಯಾಸೆಟ್ಟುಗಳ ಕಾಲ ಬಂತು. ರಜೆಯಿಂದ ಮರಳುವಾಗ ಉಪ್ಪಿನಕಾಯಿ ಭರಣಿಯ ಜೊತೆಗೆ ಅವೂ ಬಂದವು. ಕೊಚ್ಚಿಯ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹಾಳಾದವು ಎಷ್ಟೋ! ನಾವು ಅದಕ್ಕಾಗಿ ಹೆಚ್ಚೇನೂ ಮರುಗಲಿಲ್ಲ. ಸಿನಿಮಾ ನೋಡಿ ಮರೆಯುವ ವಸ್ತು, ಪುಸ್ತಕದಂತೆ ಕಾದಿಡುವ ವಸ್ತುವಲ್ಲ ಎಂದೇ ತಿಳಿದಿದ್ದೆವು.

ಈ ಉದಾಸೀನಕ್ಕೆ ನಮ್ಮ ನಾಡು ತೆತ್ತ ಬೆಲೆ ಸಣ್ಣದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಉಳಿದಿಲ್ಲ. ನೆರೆಯವರ ಪಾಡೂ ಅಷ್ಟೆ. ಜೆ.ಸಿ. ಡೇನಿಯಲ್ ತಯಾರಿಸಿದ ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ಕೂಡ ನಷ್ಟವಾಗಿದೆ. ಆದರೆ 1933ರ ಮೂಕಿಚಿತ್ರ ‘ಮಾರ್ತಾಂಡ ವರ್ಮ’ ಉಳಿದುಕೊಂಡಿತು. ಕಾದಂಬರಿಯ ಹಕ್ಕಿನ ಬಗ್ಗೆ ವ್ಯಾಜ್ಯ ಹೂಡಿದ ತಿರುವನಂತಪುರದ ಪುಸ್ತಕ ಪ್ರಕಾಶಕರ ಕೈಗೆ ಅದರ ಸುರುಳಿಗಳು ಸೇರಿ, ಅಲ್ಲೇ ಬಿದ್ದಿದ್ದವು. 1974ರಲ್ಲಿ ಅವು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬಂದವು.

1964ರಲ್ಲಿ ಸ್ಥಾಪನೆಯಾದ ಆ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು ಪಿ.ಕೆ. ನಾಯರ್. 1933ರಲ್ಲಿ ಹುಟ್ಟಿದ ಅವರು ತಿರುವನಂತಪುರದವರು. ಚಿತ್ರಗಳನ್ನು ಡಬ್ಬಿಯಲ್ಲಿ ಕೂಡಿಹಾಕಿದರೆ ಸಾಲದು, ಜನರಿಗೆ ತೋರಿಸಬೇಕು ಎಂಬುದು ಅವರ ನಿಲುವು. ಆದ್ದರಿಂದಲೇ ಸಂಗ್ರಹಾಲಯದಲ್ಲಿ ಫಿಲ್ಮ್ ಸೊಸೈಟಿಗಳಿಗೆ 16 ಮಿಲಿಮೀಟರ್ ಪ್ರತಿಗಳನ್ನು ಎರವಲು ಕೊಡುವ ವಿಭಾಗವೂ ಇತ್ತು. ವಾಚನಾಲಯದಿಂದ ಪುಸ್ತಕ ತಂದಂತೆಯೇ ಸರಿ!

ತಿರುವನಂತಪುರದಲ್ಲೇ 1965ರಲ್ಲಿ ಅಡೂರ್ ಗೋಪಾಲಕೃಷ್ಣನ್, ಕುಳತ್ತೂರ್ ಭಾಸ್ಕರನ್ ನಾಯರ್ ಮೊದಲಾದವರು ಚಿತ್ರಲೇಖಾ ಫಿಲ್ಮ್ ಸೊಸೈಟಿಯನ್ನು ಆರಂಭಿಸಿದರು. ಅದೇ ಗೆಳೆಯರ ಸಹಕಾರ ಸಂಘವು ‘ಸ್ವಯಂವರಂ’ ಚಿತ್ರವನ್ನು ತಯಾರಿಸಿತು. ಅದು 1972ರಲ್ಲಿ ಬಿಡುಗಡೆಯಾಗಿ ರಾಷ್ಟ್ರಪ್ರಶಸ್ತಿ ಪಡೆಯಿತು. ಒಟ್ಟಿಗೆ ಕುಳಿತು ಚಿತ್ರ ನೋಡಿದವರು ಚಿತ್ರ ಮಾಡಲೂ ಕಲಿತರು. 1984ರಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರು ಕಟ್ಟಿದ ‘ಒಡೆಸ್ಸಾ’ ಬಳಗ ಇನ್ನೂ ಮುಂದೆ ಹೋಯಿತು. ಊರೂರು ಅಲೆದು ಚಿತ್ರ ತೋರಿಸಿ, ಜನರಿಂದ ಚಿಲ್ಲರೆ ಕಾಸು ಕೂಡಿಸಿ, 1986ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ಹೊರತಂದಿತು.

ಈಗ ನಮ್ಮ ಕಡೆಗೆ ಬರೋಣ. ಸಾಗರದ ಬಳಿಯ ಹೆಗ್ಗೋಡು ಅಡಕೆ ತೋಟಗಳ ನಡುವಿನ ಪುಟ್ಟ ಹಳ್ಳಿ. 1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ ನಾಟಕದಿಂದ ಪ್ರಸಿದ್ಧವಾದದ್ದನ್ನು ಓದುಗರು ಬಲ್ಲರು. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ಅಲ್ಲಿ ಚಿತ್ರಸಮಾಜವನ್ನೂ ಕಟ್ಟಿದರು. ಮುಂದೆ ಚಿತ್ರರಸಗ್ರಹಣ ಶಿಬಿರಗಳು ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಪಾಠ ಹೇಳಲು ಬಂದರು. ನಾಯರ್ ಅವರ ಭಂಡಾರದಿಂದ ಚಿತ್ರಗಳು ಬಂದವು. ದಿನವೆಲ್ಲ ತೋಟ ಗದ್ದೆಯಲ್ಲಿ ದುಡಿದವರು ಸಂಜೆ ಸತ್ಯಜಿತ್ ರಾಯ್, ಕುರೊಸಾವಾ, ಡಿ ಸಿಕಾ ಅವರ ಚಿತ್ರಗಳನ್ನು ನೋಡಿದರು. 2012ರ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ ಆ ಕಡೆಯ ಜನ ಆ ಪ್ರದರ್ಶನಗಳನ್ನು ನೆನೆಯುತ್ತಾರೆ. ಸುಬ್ಬಣ್ಣನವರು 2005ರಲ್ಲಿ, ನಾಯರ್ 2016ರಲ್ಲಿ ತೀರಿಕೊಂಡರು.

ನಾವು ಬಾಳುತ್ತಿರುವ ನಾಡಿನ ಒಬ್ಬ ಮಗ ಕಾಪಾಡಿದ ಚಿತ್ರಗಳು ನಾವು ಬಿಟ್ಟುಬಂದ ನಾಡಿನ ಹಳ್ಳಿಯನ್ನು ಬೆಳಗಿದವು. ಈ ನಂಟು ನಮಗೆ ಹೆಮ್ಮೆ ತರುವಂತೆಯೇ ಒಂದು ಹೊಣೆಯನ್ನೂ ಹೊರಿಸುತ್ತದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕನ್ನಡವನ್ನು ಅಡುಗೆಮನೆಯಲ್ಲಿ ಕೇಳುತ್ತಾರೆ, ಓದುವುದು ಕಡಿಮೆ. ಅವರ ಪಾಲಿಗೆ ‘ಘಟಶ್ರಾದ್ಧ’, ‘ಚೋಮನ ದುಡಿ’ಗಳು ಕಣ್ಣು ಕಿವಿಗಳ ಮೂಲಕ ಒಳಬರುವ ಕನ್ನಡ. ಆದರೆ ಮನೆಯ ಮೂಲೆಯಲ್ಲಿ ಒಬ್ಬನೇ ಕುಳಿತು ಫೋನಿನಲ್ಲಿ ನೋಡಿದರೆ ಅರ್ಥ ಕೇಳಲು ಪಕ್ಕದಲ್ಲಿ ಯಾರಿರುತ್ತಾರೆ? ಹೆಗ್ಗೋಡಿನಲ್ಲಿ ಚಿತ್ರ ಮುಗಿದ ಮೇಲೆ ಮಾತು ಇತ್ತು; ಗುಣವೆಲ್ಲ ಅದರಲ್ಲೇ ಇತ್ತು.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಬಿಳಿ ಗೋಡೆಯ ಒಂದು ಕೋಣೆ, ತಿಂಗಳಿಗೊಂದು ಭಾನುವಾರ ಸಂಜೆ, ಕತೆಯ ಹಿನ್ನೆಲೆ ಹೇಳಬಲ್ಲ ಒಬ್ಬ ಹಿರಿಯರು ಸಾಕು. ಸದಸ್ಯರ ಅಟ್ಟಗಳಲ್ಲಿ ಹಳೆಯ ಕ್ಯಾಸೆಟ್ಟು, ಮದುವೆಯ ವಿಡಿಯೊ, ಹಿಂದಿನ ರಾಜ್ಯೋತ್ಸವಗಳ ಚಿತ್ರಣ ಇನ್ನೂ ಉಳಿದಿರಬಹುದು. ಬರುವ ಮಳೆಗಾಲಕ್ಕೆ ಮೊದಲು ಅವನ್ನು ಕೆಳಗಿಳಿಸಿ ನೋಡೋಣ.