ಜ್ವರದ ಮಲೆ, ವಿಹಾರದ ಮಲೆ: ಚಿಕ್ಕಮಗಳೂರು ಗಿರಿಶ್ರೇಣಿಯ ಪ್ರವಾಸ ಚರಿತ್ರೆ

ಕಳಸದಿಂದ ಸಂಸೆಯ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳೆಯ ತೊಟ್ಟಿ ಮನೆ ಇದೆ. ಈಗ ಅದು ಹೋಂಸ್ಟೇ. ಅಡುಗೆಮನೆಯ ಹಿಂಬಾಗಿಲ ಪಕ್ಕದ ಗೋಡೆಯಲ್ಲಿ, ಹೊಗೆ ಹಿಡಿದು ಕಂದಿದ ಸುಣ್ಣದ ಮೇಲೆ, ಅಂಗೈ ಅಗಲದ ಒಂದು ಅಚ್ಚು ಉಳಿದುಕೊಂಡಿದೆ. ಡಿಡಿಟಿ ಎಂಬ ಮೂರಕ್ಷರ, ಅದರ ಕೆಳಗೆ ತಾರೀಖು ತುಂಬಲು ಬಿಟ್ಟ ಗೀಟುಗಳು. ಸೀಸದ ಕಡ್ಡಿಯಲ್ಲಿ ಬರೆದಿದ್ದ ತಾರೀಖು ಮಾಸಿಹೋಗಿದೆ. ಮಲೇರಿಯಾ ಸಿಬ್ಬಂದಿ ಮನೆಯೊಳಗೆಲ್ಲ ಔಷಧ ಹೊಡೆದು ಹೋಗುವಾಗ ಒತ್ತುತ್ತಿದ್ದ ಗುರುತು ಅದು. ಬರುವ ಅತಿಥಿಗಳು ಅದರ ಪಕ್ಕದಲ್ಲೇ ನಿಂತು ಕಾಫಿ ಕುಡಿದು ಹೋಗುತ್ತಾರೆ. ಈ ಸೀಮೆ ವಿಹಾರಧಾಮವಾದ ಕತೆಯಲ್ಲಿ ಆ ಅಚ್ಚಿಗಿಂತ ಮುಖ್ಯವಾದ ದಾಖಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಸರಳವಾದದ್ದು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1930 ಮೀಟರ್. ಬಾಬಾಬುಡನ್‌ಗಿರಿ, ಕುದುರೆಮುಖ ಅದಕ್ಕಿಂತ ಸ್ವಲ್ಪವೇ ತಗ್ಗು. ತಂಪಿದೆ, ನೀರಿದೆ, ನೋಟವಿದೆ. ನೀಲಗಿರಿಯಲ್ಲಿ ಜಾನ್ ಸುಲಿವಾನ್ 1820ರ ದಶಕದಲ್ಲೇ ಮನೆ ಕಟ್ಟಿಕೊಂಡು ಊಟಿಯನ್ನು ಆರಂಭಿಸಿದ. ಯುರೋಪಿನವರು ಕಾಫಿ ಬೆಳೆಯಲು ನಮ್ಮ ಗಿರಿಗೆ ಬಂದದ್ದು ಹೆಚ್ಚುಕಡಿಮೆ ಅದೇ ಹೊತ್ತಿಗೆ. 1830ರ ಸುಮಾರಿಗೆ ಕ್ಯಾನನ್ ಎಂಬಾತ ಬಾಬಾಬುಡನ್ ಶ್ರೇಣಿಯ ದಕ್ಷಿಣಕ್ಕೆ ತೋಟ ಹಾಕಿದ್ದನ್ನು ಗೆಜೆಟಿಯರುಗಳು ದಾಖಲಿಸುತ್ತವೆ. ಹಾಗಿದ್ದೂ ಇಲ್ಲಿ ಒಂದು ಊಟಿ ಹುಟ್ಟಲಿಲ್ಲ, ಏಕೆ?

ಉತ್ತರಕ್ಕೆ ಮೊದಲು ನೆಲದ ರೂಪವನ್ನು ನೋಡಬೇಕು. ಚಂದ್ರದ್ರೋಣ ಪರ್ವತ ಎಂಬ ಹೆಸರೇ ಹೇಳುವಂತೆ ಬಾಬಾಬುಡನ್ ಶ್ರೇಣಿ ಬಾಗಿದ ಚಂದ್ರನ ಆಕಾರದ್ದು. ಕುದುರೆ ಲಾಳದ ಹಾಗೆ ವಾಯವ್ಯಕ್ಕೆ ಬಾಯಿ ತೆರೆದು ಜಾಗರ ಕಣಿವೆಯನ್ನು ತಬ್ಬಿಕೊಂಡಿದೆ. ಒಳಮೈಯ ನೀರು ಸೋಮವಾಹಿನಿಯಾಗಿ ಭದ್ರೆಗೆ ಸೇರಿದರೆ ಹೊರಮೈಯ ಪೂರ್ವ ಇಳಿಜಾರಿನಲ್ಲಿ ವೇದಾ, ಅವತಿ ಹುಟ್ಟಿ ಮುಂದೆ ಕಡೂರಿನ ಬಳಿ ವೇದಾವತಿಯಾಗುತ್ತವೆ. ಒಂದೇ ಗುಡ್ಡದ ಒಂದು ಮಗ್ಗುಲಿಗೆ ಕಾಫಿ, ಏಲಕ್ಕಿ. ಇನ್ನೊಂದು ಮಗ್ಗುಲಿಗೆ ಕೆರೆ ನಂಬಿದ ರಾಗಿ, ತೆಂಗು. ನೈಋತ್ಯಕ್ಕೆ ಮೂಡಿಗೆರೆ, ಕಳಸಗಳ ಸೀಮೆ ಬೇರೆಯೇ ಬಗೆಯದು. ಅದು ಘಟ್ಟದ ಅಂಚು. ಜಾವಳಿಯಲ್ಲಿ ಹೇಮಾವತಿ ಹುಟ್ಟಿ ಕಾವೇರಿಗೆ ಹೋಗುತ್ತಾಳೆ; ಗಂಗಾಮೂಲದಲ್ಲಿ ತುಂಗೆ, ಭದ್ರೆಯರು ಹುಟ್ಟಿ ಕೃಷ್ಣೆಗೆ ಹೋಗುತ್ತಾರೆ; ನೇತ್ರಾವತಿ ಪಡುವಣಕ್ಕೆ ಇಳಿಯುತ್ತಾಳೆ. ಕುದುರೆಮುಖಕ್ಕೆ ಆ ಹೆಸರು ಬಂದದ್ದು ಅದರ ನೆತ್ತಿ ಕುದುರೆಯ ಮೋರೆಯ ಹಾಗೆ ಕಾಣುವುದರಿಂದ. ಅರಬ್ಬೀ ಸಮುದ್ರದ ನಾವಿಕರಿಗೆ ಅದೇ ದಿಕ್ಕಿನ ಗುರುತಾಗಿತ್ತು. ಕಡಲಿನವರು ಮಲೆಯನ್ನು ನೋಡುತ್ತಿದ್ದರು, ಮಲೆಯವರು ಉಪ್ಪಿಗೆ, ಮೀನಿಗೆ ಘಟ್ಟ ಇಳಿಯುತ್ತಿದ್ದರು. ದಕ್ಷಿಣ ಕನ್ನಡದ ಆಂಗ್ಲ ಅಧಿಕಾರಿಗಳು ಮಂಗಳೂರಿನ ಸೆಖೆ ತಾಳಲಾರದೆ ಕುದುರೆಮುಖದ ಮೇಲೆ ಬಂಗಲೆ ಇಟ್ಟುಕೊಂಡಿದ್ದರು. ಊಟಿಯ ಬೀಜ ಇಲ್ಲೂ ಬಿದ್ದಿತ್ತು ಎನ್ನುವುದಕ್ಕೆ ಅದು ಸಾಕ್ಷಿ. ಆದರೆ ಮೊಳೆಯಲಿಲ್ಲ.

ಆಡಳಿತದ ಕಾರಣವೊಂದಿದೆ. 1831ರಿಂದ 1881ರವರೆಗೆ ಮೈಸೂರನ್ನು ಆಳಿದ ಕಮಿಷನರುಗಳಿಗೆ ಬೆಂಗಳೂರೇ ತಂಪು. ಅದೂ ಸಾಲದಾದರೆ ನಂದಿ ಬೆಟ್ಟವಿತ್ತು. ಅರಮನೆಯವರಿಗೆ ಊಟಿಯಲ್ಲಿ ಫರ್ನ್‌ಹಿಲ್ ಇತ್ತು. ಕಡೂರು ಜಿಲ್ಲೆ ಎಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆಗೆ ಬಿಡುವು ಕಳೆಯಲು ಬರಬೇಕಾದ ತುರ್ತು ಯಾರಿಗೂ ಇರಲಿಲ್ಲ. ಆದರೆ ಇದಕ್ಕಿಂತ ದೊಡ್ಡ ಕಾರಣ ಜ್ವರ, ಅಂದರೆ ಮಲೇರಿಯಾ.

ಮಲೆನಾಡಿನ ಜ್ವರವೆಂದರೆ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದ ಕಾಲ ನಮ್ಮ ಅಜ್ಜಿಯರ ನೆನಪಿನಲ್ಲೇ ಇತ್ತು. ವಿಚಿತ್ರವೆಂದರೆ ಅದು ಉಗ್ರವಾಗುತ್ತಿದ್ದುದು ಮಾರ್ಚ್‌ನಿಂದ ಮುಂಗಾರು ಹಿಡಿಯುವವರೆಗೆ. ಅಂದರೆ ಹೂ ಮಳೆ ಬಿದ್ದು ಇಡೀ ತೋಟ ಮಲ್ಲಿಗೆಯ ಹಾಗೆ ಬೆಳ್ಳಗೆ ಅರಳಿ ಘಮಗುಡುವ ಹೊತ್ತಿನಲ್ಲಿ. ಬೇರೆ ಕಡೆ ಗಿರಿಧಾಮಗಳು ತುಂಬುವ ತಿಂಗಳುಗಳೇ ಇಲ್ಲಿ ತೋಟದ ದೊರೆಗಳು ಊರು ಬಿಡುವ ತಿಂಗಳುಗಳಾಗಿದ್ದವು. ಶಿಖರದ ಮೇಲೆ ಗಾಳಿ ಶುದ್ಧವಿದ್ದರೂ ಅಲ್ಲಿಗೆ ಹತ್ತಬೇಕಾದದ್ದು ಜ್ವರದ ಕಣಿವೆಯ ಮೂಲಕ. ಮಲೆನಾಡಿನ ಮುಖ್ಯ ವಾಹಕ ಅನಾಫಿಲಿಸ್ ಫ್ಲುವಿಯಾಟಿಲಿಸ್ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ, ತಿಳಿಯಾಗಿ ಮೆಲ್ಲನೆ ಹರಿಯುವ ಹಳ್ಳದ ಅಂಚಿನಲ್ಲಿ, ಗದ್ದೆಯ ಕಾಲುವೆಯಲ್ಲಿ ಹುಟ್ಟುವುದು. ಇಂದು ಪ್ರವಾಸಿಗಳು ಕಾಲಿಳಿಬಿಟ್ಟು ಕೂರುವ ಜುಳುಜುಳು ತೊರೆಯೇ ಅಂದು ರೋಗದ ತವರು.

ಇದೇ ಕಾರಣಕ್ಕೆ ಹಳೆಯ ಕಾಲದಲ್ಲಿ ಈ ಗಿರಿಗಳಿಗೆ ಬರುತ್ತಿದ್ದವರು ಬಂದು ಹೋಗುವವರೇ ಹೊರತು ಉಳಿಯುವವರಲ್ಲ. ದೇವೀರಮ್ಮನ ಬೆಟ್ಟಕ್ಕೆ ನರಕ ಚತುರ್ದಶಿಯ ರಾತ್ರಿ ಸಾವಿರಾರು ಜನ ಹತ್ತಿ ಬೆಳಗಾಗುವಷ್ಟರಲ್ಲಿ ಇಳಿಯುತ್ತಾರೆ. ಬಾಬಾಬುಡನ್‌ಗಿರಿಯ ಗುಹೆಗೆ ಹಿಂದೂಗಳೂ ಮುಸಲ್ಮಾನರೂ ಬಂದು ನಡೆದುಕೊಳ್ಳುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಮೋಕಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ನೆಟ್ಟರೆಂಬ ಐತಿಹ್ಯವೂ ಯಾತ್ರೆಯ ಕತೆಯೇ. ಕಳಸೇಶ್ವರ, ಹೊರನಾಡಿನ ಅನ್ನಪೂರ್ಣೇಶ್ವರಿ ಬಂದವರಿಗೆ ಊಟ ಹಾಕಿ ಕಳಿಸುವ ಕ್ಷೇತ್ರಗಳು. ಭದ್ರೆ ಉಕ್ಕಿ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದರೆ ಮಾತ್ರ ಅತಿಥಿ ಒಂದೆರಡು ದಿನ ಹೆಚ್ಚು ಉಳಿದಾನು.

ಕೆಮ್ಮಣ್ಣುಗುಂಡಿಯೊಂದು ಇದಕ್ಕೆ ಅಪವಾದ. ಹೆಸರನ್ನು ಬಿಡಿಸಿ ನೋಡಿ: ಕೆಂಪು, ಮಣ್ಣು, ಗುಂಡಿ. ಇದು ಗಣಿಯ ಹೆಸರು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಹೋಗುತ್ತಿದ್ದುದು ಈ ಬೆಟ್ಟದಿಂದ. ಇಲ್ಲಿಂದ ತಣಿಗೆಬೈಲಿಗೆ ತೂಗುಹಗ್ಗದ ತೊಟ್ಟಿಗಳಲ್ಲಿ, ಅಲ್ಲಿಂದ ಮುಂದೆ ಟ್ರಾಮ್ ಹಳಿಯಲ್ಲಿ. ಅದೇ ಬೆಟ್ಟದಲ್ಲಿ, 1434 ಮೀಟರ್ ಎತ್ತರದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯ ಬಿಡಾರ ಮಾಡಿಕೊಂಡರು. ಅವರ ಕಾಲಾನಂತರ 1942ರಲ್ಲಿ ಅದು ಸರ್ಕಾರದ ಕೈಗೆ ಬಂದು, ತೋಟಗಾರಿಕೆ ಇಲಾಖೆಯ ಪೋಷಣೆಯಲ್ಲಿ ಕೃಷ್ಣರಾಜೇಂದ್ರ ಗಿರಿಧಾಮವಾಯಿತು. ಗಣಿ, ಅರಮನೆ, ಹೂದೋಟ ಮೂರೂ ಒಂದೇ ಗುಡ್ಡದ ಮೇಲೆ ಕೂತಿರುವ ಇಂಥ ಗಿರಿಧಾಮ ಅಪರೂಪ. ಆದರೂ ಅದು ಬೆಟ್ಟದ ನೆತ್ತಿಯಲ್ಲಿ ಒಂಟಿಯಾಗಿಯೇ ಉಳಿಯಿತು. ಸುತ್ತಲಿನ ಊರುಗಳು ವಿಹಾರದ ಊರುಗಳಾಗಲಿಲ್ಲ.

ಜ್ವರದ ವಿರುದ್ಧ ಕೆಲಸ ಮೊದಲಾದದ್ದು ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1914ರ ಮಲೆನಾಡು ಸುಧಾರಣೆ ಯೋಜನೆಯಿಂದ. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದು ಮೂಡಿಗೆರೆಯಲ್ಲಿತ್ತು. ಇಲ್ಲಿ ಸ್ವಲ್ಪ ದೂರದ ದೇಶವೊಂದನ್ನು ನೆನೆಯಲೇಬೇಕು. ಇಟಲಿಯ ಕಡಲತೀರವೆಂದರೆ ಇಂದು ಬಿಸಿಲು, ಛತ್ರಿ, ಸ್ನಾನ. ರಿಮಿನಿಯಲ್ಲಿ 1843ರಲ್ಲೇ ಸಮುದ್ರಸ್ನಾನದ ಕಟ್ಟೆ ತೆರೆದಿದ್ದರು, ಸ್ಯಾನ್‌ರೆಮೊಗೆ 1872ರಲ್ಲಿ ರೈಲು ಬಂದಿತ್ತು. ಆದರೆ ಅದೇ ಇಟಲಿಯ ಮರೆಮ್ಮ, ಸಾರ್ಡೀನಿಯ ತೀರಗಳು ಮಲೇರಿಯಾಕ್ಕೆ ಹೆದರಿ ಜನ ಗುಡ್ಡ ಸೇರಿದ್ದ ಬರಿದು ನೆಲಗಳು. 1946ರಿಂದ 1950ರವರೆಗೆ ಇದೇ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಾರ್ಡೀನಿಯದ ಮನೆ ಮನೆಗೂ ಡಿಡಿಟಿ ಸಿಂಪಡಿಸಿದರು. 1962ರಲ್ಲಿ ಇಸ್ಮಾಯಿಲಿ ಮುಸ್ಲಿಮರ ಧರ್ಮಗುರು ಆಗಾ ಖಾನ್ ಅಲ್ಲಿ ಕೋಸ್ಟಾ ಸ್ಮೆರಾಲ್ಡ ಎಂಬ ಐಷಾರಾಮಿ ವಿಹಾರತೀರವನ್ನು ಆರಂಭಿಸಿದರು. ಜ್ವರ ಹೋದ ಹನ್ನೆರಡೇ ವರ್ಷಕ್ಕೆ!

ಮಲೆನಾಡಿನಲ್ಲೂ ಡಿಡಿಟಿ ಬಂದದ್ದು 1940ರ ದಶಕದ ಕೊನೆಯಲ್ಲಿ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಅದನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಆದರೆ ಇಲ್ಲಿ ಆಗಾ ಖಾನ್ ಬರಲಿಲ್ಲ, ಬಂದದ್ದು ಕಾಫಿ. ಜ್ವರ ಹೋದ ಕಣಿವೆಗಳಿಗೆ ತೋಟ ಇಳಿಯಿತು. ಘಟ್ಟದ ಕೆಳಗಿನಿಂದ ಕೆಲಸಕ್ಕೆ ಹತ್ತಿ ಬಂದವರು ಲೈನ್ ಮನೆಗಳಲ್ಲಿ ನೆಲೆಯಾದರು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾಗಿದ್ದ ಸಂಶೋಧನಾ ಕೇಂದ್ರದ ತಳಿಗಳೂ 1942ರ ಕಾಫಿ ಕಾಯ್ದೆಯ ಬೆನ್ನಿಗೆ ಬಂದ, ಎಲ್ಲರ ಬೆಳೆಯನ್ನು ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯೂ ಬೆಳೆಗಾರನಿಗೆ ಆಸರೆಯಾದವು. ತೋಟದ ಮನೆಗಳು ದೊಡ್ಡದಾದವು. ಮಕ್ಕಳು ಬೆಂಗಳೂರಿಗೆ ಹೋದರು, ಮೇಲಿನ ಕೋಣೆಗಳು ಖಾಲಿ ಬಿದ್ದವು. ಆ ಖಾಲಿ ಕೋಣೆಗಳನ್ನು ನೆನಪಿಟ್ಟುಕೊಳ್ಳಬೇಕು.

ಹೊರಗಿನವರ ಕಣ್ಣಿಗೆ ಈ ಸೀಮೆಯನ್ನು ತೋರಿಸಿದ್ದು ಯಾವ ಇಲಾಖೆಯ ಜಾಹೀರಾತೂ ಅಲ್ಲ ಎಂದೇ ನಾನು ನಂಬಿದ್ದೇನೆ. ಇಟಲಿಯ ಬೋರ್ಡಿಗೇರಾ ಎಂಬ ಪುಟ್ಟ ಊರನ್ನು ಇಂಗ್ಲಿಷರಿಗೆ ಪರಿಚಯಿಸಿದ್ದು ಜೊವಾನ್ನಿ ರುಫೀನಿ 1855ರಲ್ಲಿ ಬರೆದ ‘ಡಾಕ್ಟರ್ ಆಂಟೋನಿಯೊ’ ಕಾದಂಬರಿ. ಮೂಡಿಗೆರೆಗೆ ಅಂಥದ್ದನ್ನು ಮಾಡಿದ್ದು ಪೂರ್ಣಚಂದ್ರ ತೇಜಸ್ವಿಯವರ 1980ರ ‘ಕರ್ವಾಲೊ’. ಜೇನು, ಹಾರುವ ಓತಿ, ಮಂದಣ್ಣ, ಕೊನೆಗೆ ಘಟ್ಟದ ಅಂಚು. ಕನ್ನಡದ ಒಂದು ಇಡೀ ತಲೆಮಾರು ಮೂಡಿಗೆರೆಯನ್ನು ನೋಡುವ ಮೊದಲೇ ಅಲ್ಲಿ ಓಡಾಡಿ ಬಂದಿತ್ತು. ಇಂದಿಗೂ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ನಿಂತವರಲ್ಲಿ ತೇಜಸ್ವಿ ಪ್ರತಿಷ್ಠಾನದ ದಾರಿ ಕೇಳುವವರಿದ್ದಾರೆ. 1978ರ ಲೋಕಸಭಾ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದಾಗ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಗಿತ್ತು, ನಿಜ. ಆದರೆ ಹೆಸರು ಗೊತ್ತಾಗುವುದೇ ಬೇರೆ, ಹೋಗಬೇಕೆನಿಸುವುದೇ ಬೇರೆ.

ಬಾಗಿಲು ತೆರೆದದ್ದು ಬೆಲೆ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 1992ರಿಂದ 1996ರೊಳಗೆ ಪೂಲ್ ವ್ಯವಸ್ಥೆಯೂ ಹಂತ ಹಂತವಾಗಿ ಕರಗಿತು. 1994ರಲ್ಲಿ ಬ್ರೆಜಿಲ್‌ಗೆ ಹಿಮ ಬಡಿದು ದರ ಆಕಾಶಕ್ಕೇರಿದಾಗ ತೋಟದವರು ಜೀಪು ಬದಲಿಸಿ ಕಾರು ಕೊಂಡರು, ಸಾಲ ಎತ್ತಿ ಕಣ ವಿಸ್ತರಿಸಿದರು. ಆಮೇಲೆ ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಗೆ ನುಗ್ಗಿತು. 1995ರಲ್ಲಿ ಪೌಂಡಿಗೆ 138 ಸೆಂಟ್ಸ್ ಇದ್ದ ಅಂತಾರಾಷ್ಟ್ರೀಯ ಸರಾಸರಿ ದರ 2001ರಲ್ಲಿ 46ರ ಆಸುಪಾಸಿಗೆ ಕುಸಿಯಿತು. ಹಣ್ಣು ಕೊಯ್ಯುವ ಕೂಲಿಯೂ ಹುಟ್ಟದೆ ಗಿಡದಲ್ಲೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸಂಬಳ ಎಣಿಸಿಕೊಂಡ ಹೊಸ ಪೀಳಿಗೆಯೊಂದು ಶನಿವಾರ ಎಲ್ಲಿಗೆ ಹೋಗುವುದೆಂದು ಹುಡುಕುತ್ತಿತ್ತು. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ತೆರೆದ ಕಾಫಿ ಡೇ ಆ ಪೀಳಿಗೆಯ ಕೈಗೆ ಚಿಕ್ಕಮಗಳೂರಿನ ಕಾಫಿಯನ್ನು ಕೊಟ್ಟಿತ್ತು. ಖಾಲಿ ಕೋಣೆಗಳಿಗೆ ಹೊಸ ಹಾಸಿಗೆ ಬಂತು. ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು, ಮಳೆಗಾಲಕ್ಕೆ ಕಳಲೆ ಪಲ್ಯ ನೆಂಟರಿಗೆ ಬಡಿಸುವ ಊಟವಾಗಿದ್ದುದು ದರಪಟ್ಟಿಯೊಳಗೆ ಸೇರಿತು. ಮೊದಮೊದಲು ದುಡ್ಡು ಕೇಳಲು ಮನೆಯ ಹೆಂಗಸರಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಹೋಂಸ್ಟೇ ಎಂಬ ಪದ್ಧತಿಯ ನಿಜವಾದ ಭಾರ ಬಿದ್ದದ್ದು ಅವರ ಮೇಲೆಯೇ. ತೋಟದ ಲೆಕ್ಕ ಗಂಡಸರದಾಗಿದ್ದ ಮನೆಗಳಲ್ಲಿ ಅತಿಥಿಗಳ ಲೆಕ್ಕಪುಸ್ತಕ ಅವರ ಕೈಗೆ ಬಂದದ್ದು ಸಣ್ಣ ಬದಲಾವಣೆಯಲ್ಲ. ಇದನ್ನು ಯಾರಾದರೂ ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕು.

ಹೀಗೆ ನೋಡಿದರೆ ಪ್ರವಾಸಿಗೆಂದೇ ಕಟ್ಟಿದ ಊರು ಈ ಸೀಮೆಯಲ್ಲಿ ಇಲ್ಲ. ಯಾತ್ರಿಕರ ಛತ್ರ, ಗಣಿಯ ಬಿಡಾರ, ದೊರೆಯ ಬಂಗಲೆ, ಬೆಳೆಗಾರನ ಮನೆ, ಎಲ್ಲವೂ ಬೇರೆ ಕೆಲಸಕ್ಕೆ ಕಟ್ಟಿದವು. 2005ರ ಕೊನೆಯ ದಿನ ಸುಪ್ರೀಂ ಕೋರ್ಟಿನ ಆದೇಶದಂತೆ ಕುದುರೆಮುಖದ ಕಬ್ಬಿಣದ ಗಣಿ ನಿಂತಾಗ, ಖಾಲಿಯಾದ ಗಣಿ ಸಿಬ್ಬಂದಿಯ ಮಲ್ಲೇಶ್ವರ ಬಡಾವಣೆಯನ್ನೂ ಪ್ರವಾಸಕ್ಕೆ ಬಳಸಬೇಕೆಂಬ ಮಾತು ಎದ್ದದ್ದು ಈ ಜಾಡಿನಲ್ಲೇ. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರಲ್ಲಿ. ಅಷ್ಟರಲ್ಲಿ ಜನ ಕಾರುಗಳಲ್ಲಿ ಬಂದು ಆಗಿತ್ತು.

ಕಾರಿಗೆ ರಸ್ತೆ ಬೇಕು, ರಸ್ತೆಗೆ ಗುಡ್ಡ ಕಡಿಯಬೇಕು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ ಹಲವು ಕಡೆ ಕುಸಿಯಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡವೇ ಮನೆ, ಗದ್ದೆ, ತೋಟಗಳ ಮೇಲೆ ಇಳಿಯಿತು. ಆ ಇಳಿಜಾರುಗಳಲ್ಲಿ ನಾನು ನಡೆದಿದ್ದೇನೆ. ಹುಲ್ಲುಗಾವಲು ನೀರನ್ನು ಹೀರಿ, ಅದರ ಮಡಿಲಿನ ಶೋಲಾ ಕಾಡಿಗೆ ಕೊಟ್ಟು, ಶೋಲಾ ಅದನ್ನು ತಿಂಗಳುಗಟ್ಟಲೆ ತೊರೆಗೆ ಬಿಡುವ ಏರ್ಪಾಡು ಬಲು ಸೂಕ್ಷ್ಮವಾದದ್ದು. ಮುಳ್ಳಯ್ಯನಗಿರಿಯ ಕಡೆಗೆ ಈಗ ಮುಂಗಡ ನೋಂದಣಿ ಮಾಡಿಸಿ, ಮಿತಿಯೊಳಗಿನ ವಾಹನಗಳನ್ನಷ್ಟೇ ಬಿಡುವ ಕ್ರಮ ತಂದಿದ್ದಾರೆ. ತಡವಾದರೂ ಸರಿಯಾದ ಹೆಜ್ಜೆ. ಮೂರು ದಿಕ್ಕಿನ ನದಿಗಳಿಗೆ ನೀರು ಕೊಡುವ ಗುಡ್ಡದ ಮೇಲೆ ವಾರಾಂತ್ಯವೊಂದಕ್ಕೆ ಎಷ್ಟು ಗಾಲಿ ಉರುಳಬಹುದೆಂಬುದು ಹೋಟೆಲಿನವರು ತೀರ್ಮಾನಿಸುವ ವಿಷಯವಲ್ಲ.

ಕಳಸದ ಆ ಮನೆಗೆ ಕಳೆದ ಸಲ ಹೋದಾಗ ಸೀಸನ್ ಹತ್ತಿರವಾಗಿತ್ತು. ಹಿಂಬಾಗಿಲ ಗೋಡೆಗೆ ಬಣ್ಣ ಹೊಡೆಸಲು ಡಬ್ಬ ತಂದಿಟ್ಟಿದ್ದರು. ಅಚ್ಚಿನ ಕತೆಯನ್ನು ನಾನು ಹೇಳಿದ ಮೇಲೆ ಮನೆಯ ಹಿರಿಯಾಕೆ ತಮ್ಮ ಮೈದುನನೊಬ್ಬ ಹತ್ತು ವರ್ಷದವನಿದ್ದಾಗ ಚಳಿಜ್ವರದಲ್ಲಿ ಹೋದದ್ದನ್ನು ನೆನೆದರು. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಮಂಚ ನಡುಗುತ್ತಿತ್ತಂತೆ. ಆಮೇಲೆ ಬಣ್ಣದವನನ್ನು ಕರೆದು, ಅಂಗೈ ಅಗಲದ ಜಾಗವನ್ನು ಬೆರಳಲ್ಲಿ ಗೀರಿ ತೋರಿಸಿ, ಅಷ್ಟನ್ನು ಬಿಟ್ಟು ಹೊಡೆ ಎಂದರು.